ಎಷ್ಟು ಟೇಬಲ್ ತೆರೆಯಬೇಕು? ಆಟ ಕಲಿಯುತ್ತಿರುವ ಆನ್‌ಲೈನ್ ಪೋಕರ್ ಆಟಗಾರರಿಗೆ

ಆನ್‌ಲೈನ್ ಪೋಕರ್ ಶುರು ಮಾಡಿದಾಗ ನಾನು ಎರಡು ಟೇಬಲ್ ಆಡುತ್ತಿದ್ದೆ. ಆರು ತಿಂಗಳಲ್ಲಿ ಅದು ಒಂಬತ್ತಾಯಿತು. ಸ್ಕ್ರೀನ್ ತುಂಬಾ ಟೇಬಲ್, ಒಂದರ ಹಿಂದೆ ಒಂದು ಟಿಂಗ್ ಟಿಂಗ್ ಸದ್ದು, ಕೈ ತನ್ನಷ್ಟಕ್ಕೆ ಮೌಸ್ ಓಡಿಸುತ್ತಿತ್ತು. ಪಕ್ಕದಲ್ಲಿ ನಿಂತು ನೋಡಿದವರು ಅಬ್ಬಾ ಅನ್ನುತ್ತಿದ್ದರು. ನಾನು ಪಳಗಿಬಿಟ್ಟೆ ಅಂತ ನನಗೂ ಅನ್ನಿಸಿತ್ತು.

ಒಂದು ಸಂಜೆ ಲ್ಯಾಪ್‌ಟಾಪ್ ಕೈಕೊಟ್ಟಿತು. ಮೊಬೈಲಿನಲ್ಲಿ ಒಂದೇ ಟೇಬಲ್ ತೆರೆದು ಕೂತೆ. ಅಲ್ಲಿದ್ದ ಐವರಲ್ಲಿ ಮೂವರ ಹೆಸರು ನನಗೆ ಚೆನ್ನಾಗಿ ಗೊತ್ತು, ಅವರ ಜೊತೆ ಸಾವಿರಾರು ಹ್ಯಾಂಡ್ (ಕಾರ್ಡ್ ಹಂಚಿ ಆಡುವ ಒಂದೊಂದು ಸುತ್ತು) ಆಡಿದ್ದೇನೆ. ಆದರೆ ಅವರಲ್ಲಿ ಯಾರು ಬ್ಲಫ್ ಮಾಡುತ್ತಾರೆ (ಕೆಟ್ಟ ಕಾರ್ಡ್ ಇಟ್ಟುಕೊಂಡು ಹೆದರಿಸುತ್ತಾರೆ), ಯಾರು ಮಾಡುವುದಿಲ್ಲ ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವೇ ಇರಲಿಲ್ಲ. ಸಾವಿರಾರು ಹ್ಯಾಂಡ್ ಆಡಿ ಒಬ್ಬನ ಪರಿಚಯವೂ ಆಗಿರಲಿಲ್ಲ.

ಲ್ಯಾಪ್‌ಟಾಪ್ ಸರಿಯಾದ ಮೇಲೆ ಹಳೆಯ ಹ್ಯಾಂಡ್‌ಗಳನ್ನು ತೆಗೆದು ನೋಡಿದೆ. ರಿವರ್‌ನಲ್ಲಿ, ಅಂದರೆ ಮೇಜಿನ ಮೇಲೆ ಐದನೆಯ, ಕೊನೆಯ ಕಾರ್ಡ್ ಬಿದ್ದ ಮೇಲೆ, ನಾನು ಬೆಟ್ ಮಾಡಿ (ಹಣ ಇಟ್ಟು), ಎದುರಾಳಿ ರೈಸ್ ಮಾಡಿ (ಅದನ್ನು ಏರಿಸಿ), ನಾನು ಕಾಲ್ ಮಾಡಿದ (ಅಷ್ಟನ್ನೂ ಸರಿಗಟ್ಟಿದ) ಹ್ಯಾಂಡ್‌ಗಳು 41. ಗೆದ್ದದ್ದು 6. ಮೊದಲನೆಯದರಲ್ಲಿ ಮಾಡಿದ ತಪ್ಪನ್ನೇ ನಲವತ್ತೊಂದನೆಯದರಲ್ಲೂ ಮಾಡಿದ್ದೆ, ಇನ್ನೂ ಬೇಗ ಮಾಡಿದ್ದೆ ಅಷ್ಟೇ.

ಅಂದಿನಿಂದ ಟೇಬಲ್ ಸಂಖ್ಯೆಯ ಬಗ್ಗೆ ನನ್ನ ಅಭಿಪ್ರಾಯ ಇದು: ಜಾಸ್ತಿ ಟೇಬಲ್ ಆಡಿದರೆ ಗೊತ್ತಿರುವುದು ಮೈಗೂಡುತ್ತದೆ, ಗೊತ್ತಿಲ್ಲದ್ದು ಹಾಗೇ ಉಳಿಯುತ್ತದೆ. ತಪ್ಪನ್ನೇ ಸರಿ ಎಂದುಕೊಂಡಿದ್ದರೆ ಆ ತಪ್ಪೂ ಮೈಗೂಡುತ್ತದೆ. ಹಾಗಾಗಿ ಟೇಬಲ್ ಏರಿಸುವುದಕ್ಕೂ ಇಳಿಸುವುದಕ್ಕೂ ಒಂದು ಕ್ರಮ ಬೇಕು. ಕೆಳಗೆ ಬರೆದಿರುವುದು ಆರು ಜನರ ನೋ-ಲಿಮಿಟ್ ಹೋಲ್ಡೆಮ್ (ಕೈಯಲ್ಲಿ ತಲಾ ಎರಡು ಕಾರ್ಡ್, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು, ಬೆಟ್‌ಗೆ ಮಿತಿಯಿಲ್ಲ) ಕ್ಯಾಶ್ ಗೇಮ್ ಆಡುವವರಿಗೆ. ಟೂರ್ನಮೆಂಟ್ ಬಗ್ಗೆ ಕೊನೆಯ ಕಡೆ ಎರಡು ಮಾತು ಇದೆ.

ಹಂತ 1: ಒಂದು ತೀರ್ಮಾನಕ್ಕೆ ಎಷ್ಟು ಸೆಕೆಂಡ್ ಸಿಗುತ್ತದೆ, ಲೆಕ್ಕ ಹಾಕಿ

ಎದುರುಬದುರು ಕೂತು ಆಡುವ ಟೇಬಲ್‌ನಲ್ಲಿ ಗಂಟೆಗೆ ಸುಮಾರು 25ರಿಂದ 30 ಹ್ಯಾಂಡ್ ಸಾಗುತ್ತವೆ. ಆನ್‌ಲೈನ್‌ನ ಆರು ಜನರ ಟೇಬಲ್‌ನಲ್ಲಿ ಹೆಚ್ಚುಕಡಿಮೆ 80. ಅಂದರೆ ಒಂದೇ ಟೇಬಲ್ ಆಡಿದರೂ ನೀವು ಆಗಲೇ ಮೂರು ಪಟ್ಟು ವೇಗದಲ್ಲಿದ್ದೀರಿ. ಇದನ್ನು ತುಂಬಾ ಜನ ಮರೆಯುತ್ತಾರೆ.

ಈಗ ನಾಲ್ಕು ಟೇಬಲ್ ತೆಗೆದುಕೊಳ್ಳಿ. ಗಂಟೆಗೆ 320 ಹ್ಯಾಂಡ್, ನಿಮಿಷಕ್ಕೆ ಐದಕ್ಕಿಂತ ಸ್ವಲ್ಪ ಜಾಸ್ತಿ. ಫ್ಲಾಪ್ (ಮೇಜಿನ ಮೇಲಿನ ಮೊದಲ ಮೂರು ಕಾರ್ಡ್) ನಂತರದ ತೀರ್ಮಾನಗಳನ್ನೂ ಸೇರಿಸಿದರೆ ನಿಮಿಷಕ್ಕೆ ಏಳು ಸಲ ನೀವು ಏನಾದರೂ ಒತ್ತಬೇಕು ಅಂದುಕೊಳ್ಳೋಣ. ಒಂದೊಂದಕ್ಕೆ ಎಂಟೊಂಬತ್ತು ಸೆಕೆಂಡ್ ಸಿಗುತ್ತದೆ. ಹನ್ನೆರಡು ಟೇಬಲ್ ಆದರೆ ಗಂಟೆಗೆ 960 ಹ್ಯಾಂಡ್, ನಿಮಿಷಕ್ಕೆ ಇಪ್ಪತ್ತು ತೀರ್ಮಾನ. ಒಂದೊಂದಕ್ಕೆ ಮೂರೇ ಸೆಕೆಂಡ್.

ಇದು ಸರಾಸರಿ ಲೆಕ್ಕ. ನಿಜವಾದ ಆಟದಲ್ಲಿ ತೀರ್ಮಾನಗಳು ಸಾಲಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಅರ್ಧ ನಿಮಿಷ ಬರೀ ಫೋಲ್ಡ್ (ಕಾರ್ಡ್ ಬಿಟ್ಟು ಹಿಂದೆ ಸರಿಯುವುದು), ಆಮೇಲೆ ಒಂದೇ ಹೊತ್ತಿಗೆ ಮೂರು ಟೇಬಲ್‌ನಲ್ಲಿ ದೊಡ್ಡ ಪಾಟ್ (ಎಲ್ಲರೂ ಸೇರಿ ಇಟ್ಟ ಹಣ). ಕಲಿಯಬೇಕಾದ್ದೆಲ್ಲ ಆ ಮೂರು ಪಾಟ್‌ಗಳಲ್ಲೇ ಇರುತ್ತದೆ, ಸಮಯ ಇಲ್ಲದಿರುವುದೂ ಅಲ್ಲೇ.

ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲೇ ಸುತ್ತುತ್ತಿದ್ದರೆ ಮುಂದಿನ ಕೆಲಸಕ್ಕೆ ಗಮನ ಪೂರ್ತಿ ಸಿಗುವುದಿಲ್ಲ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಪೋಕರ್ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡಗಡೆ ಟೇಬಲ್‌ನಲ್ಲಿ ಆಲ್-ಇನ್ ಆಗಿ (ಇದ್ದದ್ದೆಲ್ಲ ಇಟ್ಟು) ರಿವರ್ ಕಾರ್ಡ್ ಬೀಳುವುದನ್ನೇ ನೋಡುತ್ತಾ ಬಲಗಡೆ ಟೇಬಲ್‌ನಲ್ಲಿ ಏನು ಒತ್ತಿದಿರಿ ಎಂದು ನೆನಪಿದೆಯಾ?

ಹಾಗಾದರೆ ರಾಶಿ ಟೇಬಲ್ ಆಡಿ ಗೆಲ್ಲುವವರು ಇಲ್ವಾ? ಇದ್ದಾರೆ. ನ್ಯಾನೊನೊಕೊ ಎಂಬ ಹೆಸರಿನಲ್ಲಿ ಆಡುವ ರ‍್ಯಾಂಡಿ ಲ್ಯೂ 2012ರ ಜನವರಿಯಲ್ಲಿ ಬಹಾಮಾಸ್‌ನಲ್ಲಿ ಕೂತು ಎಂಟು ಗಂಟೆಯಲ್ಲಿ 23,493 ಹ್ಯಾಂಡ್ ಆಡಿ ಗಿನ್ನೆಸ್ ದಾಖಲೆ ಮಾಡಿದರು. ನಿಮಿಷಕ್ಕೆ ಸುಮಾರು 49 ಹ್ಯಾಂಡ್! ಕೊನೆಗೆ ಬಂದ ಲಾಭ 7.65 ಡಾಲರ್. ಆ ವೇಗದಲ್ಲಿ ನಷ್ಟವಾಗದಿರುವುದೇ ದೊಡ್ಡ ಸಾಹಸ. ಆದರೆ ಅವರ ತೀರ್ಮಾನಗಳೆಲ್ಲ ಮೊದಲೇ ತಯಾರಾಗಿದ್ದವು. ಲಕ್ಷಾಂತರ ಹ್ಯಾಂಡ್‌ಗಳ ಹಿಂದೆಯೇ ಕಲಿತದ್ದನ್ನು ಅವತ್ತು ಬರೀ ಬಳಸಿದರು. ಆ ಎಂಟು ಗಂಟೆಯಲ್ಲಿ ಅವರು ಹೊಸದೇನಾದರೂ ಕಲಿತಿರಬಹುದು ಅಂತ ನನಗನ್ನಿಸುವುದಿಲ್ಲ.

ಹಂತ 2: ಒಂದು ವಾರ ಒಂದೇ ಟೇಬಲ್

ಬೇಜಾರಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ತುಂಬಾ ಬೇಜಾರಾಗುತ್ತದೆ. ಆರು ಜನರ ಟೇಬಲ್‌ನಲ್ಲಿ ಚೆನ್ನಾಗಿ ಆಡುವವರು ನೂರು ಹ್ಯಾಂಡ್‌ಗಳಲ್ಲಿ ಇಪ್ಪತ್ತೆರಡರಿಂದ ಇಪ್ಪತ್ತಾರು ಮಾತ್ರ ಆಡುತ್ತಾರೆ, ಉಳಿದದ್ದೆಲ್ಲ ಫೋಲ್ಡ್. ಒಂದೇ ಟೇಬಲ್ ಇದ್ದರೆ ಕೈ ಕಟ್ಟಿ ಕೂತ ಹಾಗೆ ಅನ್ನಿಸುತ್ತದೆ. ಆ ಬೇಜಾರಿಗೇ ಕೆಟ್ಟ ಕಾರ್ಡ್ ಹಿಡಿದು ಆಡಲು ಶುರು ಮಾಡುವವರೂ ಇದ್ದಾರೆ.

ಆ ಖಾಲಿ ಸಮಯದಲ್ಲಿ ಒಂದು ಕೆಲಸ ಮಾಡಿ. ನೀವು ಫೋಲ್ಡ್ ಮಾಡಿದ ಪ್ರತಿ ಹ್ಯಾಂಡ್‌ನಲ್ಲೂ ಉಳಿದವರಲ್ಲಿ ಒಬ್ಬರನ್ನು ಆರಿಸಿಕೊಂಡು, ಅವರ ಕೈಯಲ್ಲಿ ಏನಿರಬಹುದು ಎಂದು ಫ್ಲಾಪ್, ಟರ್ನ್ (ನಾಲ್ಕನೆಯ ಕಾರ್ಡ್), ರಿವರ್ ಮೂರರಲ್ಲೂ ಊಹಿಸಿ. ಕಾರ್ಡ್ ತೋರಿಸಿದರೆ ನಿಮ್ಮ ಊಹೆಯ ಪಕ್ಕ ಇಟ್ಟು ನೋಡಿ. ಮೊದಲ ದಿನ ನನ್ನ ಊಹೆ ಹತ್ತರಲ್ಲಿ ಎಂಟು ಸಲ ಬುಡಮೇಲಾಯಿತು. ಮಿನ್ ರೈಸ್ (ಸಾಧ್ಯವಿರುವಷ್ಟು ಕಡಿಮೆ ರೈಸ್) ಮಾಡಿದವನ ಬಳಿ ಏನೂ ಇರದು ಅಂದುಕೊಂಡಿದ್ದರೆ ಏಸ್ ಜೋಡಿ ತೋರಿಸುತ್ತಿದ್ದ. ನಿಮ್ಮ ಹಣ ಪಾಟ್‌ನಲ್ಲಿ ಇರದಿರುವಾಗ ಕಲಿಯುವ ಪಾಠ ಪುಕ್ಕಟೆ, ಅಲ್ವಾ? ಒಂಬತ್ತು ಟೇಬಲ್ ಆಡುವವರಿಗೆ ಈ ಪುಕ್ಕಟೆ ಪಾಠ ಒಂದೂ ಸಿಗುವುದಿಲ್ಲ. ಫೋಲ್ಡ್ ಒತ್ತಿದ ತಕ್ಷಣ ಕಣ್ಣು ಮುಂದಿನ ಟೇಬಲ್‌ಗೆ ಹಾರಿರುತ್ತದೆ.

ಪ್ರತಿಯೊಬ್ಬ ಎದುರಾಳಿಯ ಮೇಲೂ ಒಂದು ಸಾಲಿನ ನೋಟ್ ಬರೆಯಿರಿ. ‘ಒಳ್ಳೆ ಆಟಗಾರ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಟರ್ನ್‌ನಲ್ಲಿ ಚೆಕ್-ರೈಸ್ ಮಾಡಿ ಬರೀ ಟಾಪ್ ಪೇರ್ ತೋರಿಸಿದ’ ಎಂದು ಬರೆದರೆ ಮುಂದಿನ ತಿಂಗಳು ಕೆಲಸಕ್ಕೆ ಬರುತ್ತದೆ. (ಚೆಕ್ ಅಂದರೆ ಬೆಟ್ ಮಾಡದೆ ಸರದಿ ಬಿಡುವುದು, ಚೆಕ್-ರೈಸ್ ಅಂದರೆ ಹಾಗೆ ಬಿಟ್ಟು, ಎದುರಾಳಿ ಬೆಟ್ ಮಾಡಿದ ಮೇಲೆ ಏರಿಸುವುದು. ಟಾಪ್ ಪೇರ್ ಅಂದರೆ ಮೇಜಿನ ಮೇಲಿನ ಅತಿ ದೊಡ್ಡ ಕಾರ್ಡ್‌ಗೆ ಕೈಯ ಕಾರ್ಡ್ ಸೇರಿದ ಜೋಡಿ.)

ಹಂತ 3: ಒಂದು ಹ್ಯಾಂಡ್ ಹಿಡಿದು ನಿಧಾನವಾಗಿ ಬಿಡಿಸಿ

ನನ್ನ 41ರ ಪಟ್ಟಿಯಲ್ಲಿದ್ದ ಒಂದು ಹ್ಯಾಂಡ್ ತೆಗೆದುಕೊಳ್ಳುತ್ತೇನೆ. ಎಲ್ಲರ ಬಳಿಯೂ 100 ಬಿಗ್ ಬ್ಲೈಂಡ್ (ಕಾರ್ಡ್ ಹಂಚುವ ಮೊದಲೇ ಒಬ್ಬ ಆಟಗಾರ ಇಡಲೇಬೇಕಾದ ಮೊತ್ತ, ಆ ಜಾಗದ ಹೆಸರೂ ಅದೇ; ಕೆಳಗಿನ ಮೊತ್ತಗಳೆಲ್ಲ ಇದೇ ಅಳತೆಯಲ್ಲಿ). ನಾನು ಕಟ್‌ಆಫ್‌ನಲ್ಲಿ (ಕೊನೆಯಲ್ಲಿ ಆಡುವ ಬಟನ್ ಜಾಗಕ್ಕಿಂತ ಒಂದು ಮುಂಚೆ) ಏಸ್-ಕ್ವೀನ್ ಹಿಡಿದು 2.5ಕ್ಕೆ ರೈಸ್ ಮಾಡಿದೆ. ಬಿಗ್ ಬ್ಲೈಂಡ್‌ನಲ್ಲಿದ್ದವನು ಕಾಲ್ ಮಾಡಿದ. ಸ್ಮಾಲ್ ಬ್ಲೈಂಡ್‌ನವನು ಮೊದಲೇ ಇಟ್ಟ 0.5 ಸೇರಿ ಪಾಟ್ 5.5. ಫ್ಲಾಪ್: ಕ್ವೀನ್, 8, 4. ಫ್ಲಶ್‌ಗೆ (ಒಂದೇ ಗುರುತಿನ ಐದು ಕಾರ್ಡ್) ದಾರಿಯಿಲ್ಲದ ಬೋರ್ಡ್, ಕೊನೆಯವರೆಗೂ ಹಾಗೇ. ನಾನು 3ರ ಬೆಟ್ ಮಾಡಿದೆ, ಕಾಲ್. ಟರ್ನ್ 5. ನಾನು 8 ಬೆಟ್, ಮತ್ತೆ ಕಾಲ್. ಪಾಟ್ ಈಗ 27.5. ರಿವರ್ 2. ಅವನು ಚೆಕ್, ನಾನು 18 ಬೆಟ್, ಅವನು ಉಳಿದ 86.5 ಪೂರ್ತಿ ತಳ್ಳಿ ಆಲ್-ಇನ್.

ಒಂಬತ್ತು ಟೇಬಲ್‌ನ ನಾನು ಯೋಚಿಸಿದ್ದು ಇಷ್ಟು: ‘ಟಾಪ್ ಪೇರ್, ಟಾಪ್ ಕಿಕರ್. ಡ್ರಾ ಮಿಸ್ ಆಗಿರಬೇಕು.’ (ಕಿಕರ್ ಅಂದರೆ ಜೋಡಿಯ ಪಕ್ಕದ ಕಾರ್ಡ್, ಡ್ರಾ ಅಂದರೆ ಇನ್ನೊಂದು ಕಾರ್ಡ್ ಬಂದರೆ ಗಟ್ಟಿಯಾಗುವ ಕೈ.) ಕಾಲ್. ಎರಡು ಸೆಕೆಂಡ್ ಕೂಡ ಆಗಿರಲಿಲ್ಲ, ಬೇರೆ ಟೇಬಲ್ ಕಿರುಚುತ್ತಿತ್ತು.

ಈಗ ನಿಧಾನವಾಗಿ ನೋಡೋಣ. ಪಾಟ್‌ನಲ್ಲಿ 27.5, ನನ್ನ 18, ಅವನ 86.5 ಸೇರಿ 132 ಇದೆ. ನಾನು ಇನ್ನು ಹಾಕಬೇಕಾದ್ದು 68.5. ಒಟ್ಟು 200.5ರಲ್ಲಿ 68.5 ಅಂದರೆ ಸುಮಾರು 34 ಶೇಕಡ. ಮೂರು ಸಲದಲ್ಲಿ ಒಂದು ಸಲಕ್ಕಿಂತ ಚೂರು ಜಾಸ್ತಿ ನಾನು ಗೆಲ್ಲಬೇಕು.

ಅವನ ಬಳಿ ಏನಿರಬಹುದು? 8ರ ಸೆಟ್ (ಕೈಯ ಜೋಡಿಗೆ ಮೇಜಿನದೊಂದು ಸೇರಿ ಮೂರು 8) ಮೂರು ಬಗೆ, 4ರ ಸೆಟ್ ಮೂರು, 5ರ ಸೆಟ್ ಮೂರು. 6-7 ಸೂಟೆಡ್ (ಎರಡೂ ಒಂದೇ ಗುರುತು) ನಾಲ್ಕು ಬಗೆ, ಟರ್ನ್‌ನ 5 ಬಂದಾಗಲೇ ಅದಕ್ಕೆ ಸ್ಟ್ರೇಟ್ (ಸಾಲಾಗಿ ಐದು ಕಾರ್ಡ್) ಆಗಿದೆ. ಕ್ವೀನ್-8 ಸೂಟೆಡ್ ಒಂದೆರಡು. ಎಲ್ಲ ಸೇರಿ ನನ್ನನ್ನು ಸೋಲಿಸುವ ಕಾಂಬಿನೇಶನ್ 14 ಅಥವಾ 15. ನನ್ನ ಕಾಲ್ ಸರಿಯಾಗಬೇಕಾದರೆ ಬ್ಲಫ್ ಕಾಂಬಿನೇಶನ್ ಏಳೆಂಟಾದರೂ ಇರಬೇಕು. ಎಲ್ಲಿವೆ ಅವು? ಫ್ಲಶ್ ಡ್ರಾ ಇಲ್ಲವೇ ಇಲ್ಲ. ಜ್ಯಾಕ್-10, 10-9 ತರಹದ್ದು ಫ್ಲಾಪ್‌ನಲ್ಲಿ ಬಂದಿರಬಹುದು, ಆದರೆ ಟರ್ನ್‌ನ 8ರ ಬೆಟ್‌ಗೆ ಹೆಚ್ಚಾಗಿ ಹೋಗಿರುತ್ತವೆ. ನಾನು ‘ಡ್ರಾ ಮಿಸ್ ಆಗಿರಬೇಕು’ ಅಂದುಕೊಂಡಿದ್ದೆನಲ್ಲ, ಆ ಬೋರ್ಡ್‌ನಲ್ಲಿ ಮಿಸ್ ಆಗಲು ಹೇಳಿಕೊಳ್ಳುವಂಥ ಡ್ರಾನೇ ಇರಲಿಲ್ಲ!

ಇನ್ನೊಂದು ವಿಷಯ. ಆ ಆಟಗಾರ ನನ್ನ ಜೊತೆ ನೂರಾರು ಹ್ಯಾಂಡ್ ಆಡಿದ್ದ. ರಿವರ್‌ನಲ್ಲಿ ಅವನು ರೈಸ್ ಮಾಡಿದ ಹ್ಯಾಂಡ್‌ಗಳನ್ನು ಹುಡುಕಿದರೆ ಎಲ್ಲದರಲ್ಲೂ ಗಟ್ಟಿ ಕಾರ್ಡ್. ಮಾಹಿತಿ ನನ್ನ ಕಂಪ್ಯೂಟರಿನಲ್ಲೇ ಇತ್ತು, ತಲೆಯಲ್ಲಿ ಇರಲಿಲ್ಲ.

ಇಷ್ಟು ಬಿಡಿಸಲು ನನಗೆ ಹದಿನೈದು ನಿಮಿಷ ಬೇಕಾಯಿತು. ಇಂಥದ್ದೇ ಇಪ್ಪತ್ತು ಹ್ಯಾಂಡ್ ಬಿಡಿಸಿದ ಮೇಲೆ ಅದೇ ಯೋಚನೆ ಆಟದ ನಡುವೆ ಹತ್ತು ಸೆಕೆಂಡಿನಲ್ಲಿ ಬರತೊಡಗಿತು. ಕಲಿಕೆ ನಡೆಯುವುದು ಹೀಗೆ. ಮೊದಲು ನಿಧಾನವಾಗಿ ಸರಿಯಾಗಿ ಮಾಡಬೇಕು, ಆಮೇಲೆ ಅದಕ್ಕೆ ವೇಗ ಬರುತ್ತದೆ. ವೇಗವಾಗಿ ಮಾಡುತ್ತಾ ಮಾಡುತ್ತಾ ಸರಿಯಾಗುತ್ತದೆ ಎಂದು ನಾನು ಎರಡು ವರ್ಷ ಕಾದೆ, ಆಗಲಿಲ್ಲ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಸಂಗೀತಗಾರರ ಅಭ್ಯಾಸವನ್ನು ಕುರಿತು ಬರೆದ ಪ್ರಬಂಧದಲ್ಲೂ ಇದೇ ದಾರಿ ಕಾಣುತ್ತದೆ: ಸುಮ್ನೆ ನುಡಿಸುವುದು ಬೇರೆ, ಕೊರತೆ ಎಲ್ಲಿದೆಯೋ ಅಲ್ಲಿಗೇ ಗಮನ ಕೊಟ್ಟು ತಿದ್ದಿಕೊಳ್ಳುವುದು ಬೇರೆ. ಪೋಕರ್‌ಗೆ ಇನ್ನೊಂದು ತೊಂದರೆ ಸೇರಿದೆ. ವೀಣೆಯಲ್ಲಿ ತಪ್ಪು ಸ್ವರ ನುಡಿಸಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಪೋಕರ್‌ನಲ್ಲಿ ತಪ್ಪು ಕಾಲ್ ಮಾಡಿದರೂ ಕೆಲವು ಸಲ ಪಾಟ್ ನಿಮ್ಮದಾಗುತ್ತದೆ. ನಾನು ಗೆದ್ದ ಆ 6 ಹ್ಯಾಂಡ್‌ಗಳೇ ನನ್ನನ್ನು ಅಷ್ಟು ದಿನ ದಾರಿ ತಪ್ಪಿಸಿದ್ದು.

ಹಂತ 4: ಜಾಸ್ತಿ ಟೇಬಲ್‌ನಿಂದ ನಿಜಕ್ಕೂ ಏನು ಸಿಗುತ್ತದೆ, ಅದನ್ನು ಒಪ್ಪಿಕೊಳ್ಳಿ

ಇಷ್ಟು ಓದಿದ ಮೇಲೆ ನಾನು ಜಾಸ್ತಿ ಟೇಬಲ್‌ನ ವಿರೋಧಿ ಅನ್ನಿಸಬಹುದು. ಹಾಗೇನಿಲ್ಲ.

ಮೊದಲನೆಯದು, ಸ್ಯಾಂಪಲ್. ಆರು ಜನರ ನೋ-ಲಿಮಿಟ್ ಆಟದಲ್ಲಿ ಏರಿಳಿತ ಸಿಕ್ಕಾಪಟ್ಟೆ. ನೂರು ಹ್ಯಾಂಡ್‌ಗೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಏರಿಳಿತದ ಅಳತೆ) ಸಾಮಾನ್ಯವಾಗಿ 80ರಿಂದ 100 ಬಿಗ್ ಬ್ಲೈಂಡ್ ಇರುತ್ತದೆ. 90 ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, 10,000 ಹ್ಯಾಂಡ್ ಆದ ಮೇಲೂ ನಿಮ್ಮ ವಿನ್‌ರೇಟ್ (ನೂರು ಹ್ಯಾಂಡ್‌ಗೆ ಗೆಲ್ಲುವ ಸರಾಸರಿ) ನೂರಕ್ಕೆ 18 ಬಿಗ್ ಬ್ಲೈಂಡ್ ಅತ್ತ ಅಥವಾ ಇತ್ತ ಇರಬಹುದು. ನೂರಕ್ಕೆ 5 ಗೆಲ್ಲುವವರನ್ನೇ ಒಳ್ಳೆಯ ಆಟಗಾರರು ಅನ್ನುವ ಆಟದಲ್ಲಿ 18ರ ಅನುಮಾನ ಇಟ್ಟುಕೊಂಡು ಏನು ಹೇಳಲು ಸಾಧ್ಯ? ಲಕ್ಷ ಹ್ಯಾಂಡ್ ಆದರೆ ಆ ಅಂತರ 6ರ ಆಸುಪಾಸಿಗೆ ಇಳಿಯುತ್ತದೆ. ಒಂದು ಟೇಬಲ್‌ನಲ್ಲಿ ಲಕ್ಷ ಹ್ಯಾಂಡ್ ಮುಟ್ಟಲು 1,250 ಗಂಟೆ ಬೇಕು. ನಾಲ್ಕು ಟೇಬಲ್‌ನಲ್ಲಿ ಸುಮಾರು 312 ಗಂಟೆ ಸಾಕು. ನಿಮ್ಮ ಆಟದ ಸೋರಿಕೆ ಎಲ್ಲಿದೆ ಎಂದು ಟ್ರ್ಯಾಕರ್‌ನಲ್ಲಿ (ಆಡಿದ ಹ್ಯಾಂಡ್‌ಗಳನ್ನು ದಾಖಲಿಸುವ ತಂತ್ರಾಂಶ) ಹುಡುಕಬೇಕಾದರೂ ಹ್ಯಾಂಡ್‌ಗಳ ರಾಶಿ ಬೇಕೇ ಬೇಕು. ನನ್ನ 41 ಹ್ಯಾಂಡ್ ಕಣ್ಣಿಗೆ ಬಿದ್ದದ್ದು ಆ ರಾಶಿಯಿಂದಲೇ.

ಎರಡನೆಯದು, ಪ್ರಿಫ್ಲಾಪ್, ಅಂದರೆ ಫ್ಲಾಪ್‌ಗೆ ಮುಂಚಿನ ಆಟ. ಬಟನ್‌ನಲ್ಲಿ ಯಾವ ಕಾರ್ಡ್ ಹಿಡಿದು ಮೊದಲ ರೈಸ್ ಮಾಡಬೇಕು, ಸ್ಮಾಲ್ ಬ್ಲೈಂಡ್‌ನಲ್ಲಿ ಯಾವುದಕ್ಕೆ 3-ಬೆಟ್ (ರೈಸ್ ಮೇಲೆ ಮತ್ತೆ ರೈಸ್) ಮಾಡಬೇಕು ಎಂಬುದು ಮಗ್ಗಿಯ ಹಾಗೆ. ಸರಿಯಾಗಿ ಕಲಿತಿದ್ದರೆ ಎಷ್ಟು ಸಲ ಒಪ್ಪಿಸಿದರೂ ಲಾಭವೇ.

ಮೂರನೆಯದು ಮನಸ್ಸಿನ ವಿಷಯ. ಒಂದೇ ಟೇಬಲ್‌ನಲ್ಲಿ ಕಿಂಗ್ ಜೋಡಿ ಮುರಿದರೆ ಅದೇ ತಲೆಯಲ್ಲಿ ಕೊರೆಯುತ್ತಿರುತ್ತದೆ. ನಾಲ್ಕಿದ್ದರೆ ಕೊರಗಲು ಪುರುಸೊತ್ತಿರುವುದಿಲ್ಲ. ಕೆಲವರಿಗೆ ಇದು ನಿಜವಾಗಿಯೂ ಸಹಾಯ ಮಾಡುತ್ತದೆ.

ಆದಾಯದ ಲೆಕ್ಕವನ್ನೂ ನೋಡಿ. ಇದು ಬರೀ ಉದಾಹರಣೆ. ಒಂದು ಟೇಬಲ್‌ನಲ್ಲಿ ನೂರಕ್ಕೆ 8 ಗೆಲ್ಲುವವರು ಗಂಟೆಗೆ 6.4 ಬಿಗ್ ಬ್ಲೈಂಡ್ ಗಳಿಸುತ್ತಾರೆ. ನಾಲ್ಕಕ್ಕೆ ಹೋದಾಗ ವಿನ್‌ರೇಟ್ 5ಕ್ಕೆ ಇಳಿದರೂ ಗಂಟೆಗೆ 16. ಎಂಟರಲ್ಲಿ ಅದು 2 ಆದರೆ 12.8. ಹನ್ನೆರಡರಲ್ಲಿ 0.5 ಆದರೆ 4.8, ಅಂದರೆ ಒಂದೇ ಟೇಬಲ್‌ಗಿಂತ ಕಡಿಮೆ. ಪ್ರತಿಯೊಬ್ಬರಿಗೂ ಇಂಥ ಒಂದು ಶಿಖರ ಇರುತ್ತದೆ. ಆದರೆ ಗಳಿಕೆಯ ಶಿಖರ ಮತ್ತು ಕಲಿಕೆಯ ಶಿಖರ ಒಂದೇ ಜಾಗದಲ್ಲಿ ಇರುವುದಿಲ್ಲ. ಕಲಿಕೆಯದು ಇನ್ನೂ ಕೆಳಗೆ, ಒಂದೆರಡು ಟೇಬಲ್‌ಗಳ ಹತ್ತಿರ ಇರುತ್ತದೆ ಎಂಬುದು ನನ್ನ ಅನುಭವ.

‘ಟೇಬಲ್ ಏರಿಸು, ದುಡ್ಡು ತಾನಾಗಿ ಬರುತ್ತೆ’ ಎಂಬ ಹಳೆಯ ಸಲಹೆ ಈಗಲೂ ಕಿವಿಗೆ ಬೀಳುತ್ತಿರುತ್ತದೆ. ಅದು ಬೇರೆ ಕಾಲದ ಮಾತು. ಪೋಕರ್‌ಸ್ಟಾರ್ಸ್ ಸೈಟ್‌ನಲ್ಲಿ ಸೂಪರ್‌ನೋವಾ ಎಲೀಟ್ ಎಂಬ ದರ್ಜೆ ಇತ್ತು. ವರ್ಷಕ್ಕೆ ಹತ್ತು ಲಕ್ಷ ಪಾಯಿಂಟ್ ಕೂಡಿಸಿದರೆ ದೊಡ್ಡ ಮೊತ್ತ ವಾಪಸ್ ಬರುತ್ತಿತ್ತು, ಹಾಗಾಗಿ ಲಾಭನಷ್ಟ ಇಲ್ಲದೆ ಆಡಿದರೂ ಬದುಕು ನಡೆಯುತ್ತಿತ್ತು. 2016ರಿಂದ ಆ ಸವಲತ್ತು ಹೋಯಿತು. 2019ರಲ್ಲಿ ಅದೇ ಸೈಟ್ ಕ್ಯಾಶ್ ಟೇಬಲ್‌ಗಳ ಮಿತಿಯನ್ನೂ ಬಹುಪಾಲು ಕಡೆ 24ರಿಂದ ನಾಲ್ಕಕ್ಕೆ ಇಳಿಸಿತು.

ಹಂತ 5: ಒಂದೊಂದೇ ಏರಿಸಿ, ಪ್ರತಿ ಸಲ ಪರೀಕ್ಷೆ ಮಾಡಿ

ಎರಡರಿಂದ ಮೂರಕ್ಕೆ ಹೋಗಿ, ಎರಡರಿಂದ ಆರಕ್ಕೆ ಹಾರಬೇಡಿ. ಗೆದ್ದಿರೋ ಸೋತಿರೋ ಎಂಬುದರಿಂದ ತೀರ್ಮಾನಿಸಬೇಡಿ. ಮೇಲೆ ನೋಡಿದ ಹಾಗೆ, ಒಂದು ವಾರದ ಫಲಿತಾಂಶ ಏನೂ ಹೇಳುವುದಿಲ್ಲ. ನಾನು ಬಳಸುವ ಪರೀಕ್ಷೆ ಇದು.

ಸೆಷನ್ ಮುಗಿದ ಅರ್ಧ ಗಂಟೆಯ ಮೇಲೆ, ನೀವು ಫ್ಲಾಪ್ ನೋಡಿದ ಹ್ಯಾಂಡ್‌ಗಳಿಂದ ಕಣ್ಣು ಮುಚ್ಚಿ ಹತ್ತನ್ನು ಆರಿಸಿ. ಪ್ರತಿಯೊಂದನ್ನೂ ಟರ್ನ್‌ವರೆಗೆ ಮಾತ್ರ ತೋರಿಸಿ ನಿಲ್ಲಿಸಿ. ಎರಡು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ನಾನು ಏನು ಮಾಡಿದೆ, ಯಾಕೆ ಮಾಡಿದೆ? ಈ ಎದುರಾಳಿ ಎಂಥವನು? ಹತ್ತರಲ್ಲಿ ಏಳಕ್ಕೆ ಉತ್ತರ ನೆನಪಿದ್ದರೆ ಆ ಟೇಬಲ್ ಸಂಖ್ಯೆ ನಿಮ್ಮ ಹಿಡಿತದಲ್ಲಿದೆ. ನಾಲ್ಕೈದಕ್ಕೆ ಇಳಿದರೆ ಒಂದು ಟೇಬಲ್ ಮುಚ್ಚಿ. ಏಳು ಎಂಬ ಸಂಖ್ಯೆಗೆ ಯಾವ ಶಾಸ್ತ್ರವೂ ಇಲ್ಲ, ನನಗೆ ಅದು ಹೊಂದಿದೆ ಅಷ್ಟೇ. ಒಂಬತ್ತು ಟೇಬಲ್ ದಿನಗಳ ಹ್ಯಾಂಡ್‌ಗಳ ಮೇಲೆ ಇದೇ ಪರೀಕ್ಷೆ ಮಾಡಿದಾಗ ನನಗೆ ಬಂದ ಅಂಕ ಒಂದು.

ಟ್ರ್ಯಾಕರ್ ಇದ್ದರೆ ಕೆಲವು ಅಂಕಿಗಳನ್ನು ಗಮನಿಸಿ. ಟೇಬಲ್ ಏರಿಸಿದ ಮೇಲೆ ವಿಪಿಐಪಿ (ನೂರರಲ್ಲಿ ನೀವಾಗಿ ಹಣ ಹಾಕಿ ಆಡುವ ಹ್ಯಾಂಡ್‌ಗಳು) 25ರಿಂದ 19ಕ್ಕೆ ಇಳಿಯಿತಾ? ಕಷ್ಟದ ಹ್ಯಾಂಡ್‌ಗಳನ್ನು ನೀವು ಗೊತ್ತಿಲ್ಲದೇ ಬಿಡುತ್ತಿದ್ದೀರಿ. ಬಟನ್‌ನಿಂದ ಸ್ಟೀಲ್ ಮಾಡುವುದು (ರೈಸ್ ಮಾಡಿ ಬ್ಲೈಂಡ್‌ಗಳನ್ನು ಕಸಿಯುವುದು) ಕಡಿಮೆಯಾಯಿತಾ? ಆ ಟೇಬಲ್‌ಗೆ ನೀವು ತಡವಾಗಿ ಬರುತ್ತಿದ್ದೀರಿ. ಟರ್ನ್‌ನಲ್ಲಿ ಎರಡನೇ ಬೆಟ್ ಹಾಕುವ ಶೇಕಡ ಕುಸಿಯಿತಾ? ಫ್ಲಾಪ್‌ನಲ್ಲಿ ರೂಢಿಯಂತೆ ಬೆಟ್ ಒತ್ತಿ, ಆಮೇಲೆ ಏನು ಮಾಡಬೇಕೆಂದು ತೋಚದೆ ಚೆಕ್ ಮಾಡುತ್ತಿದ್ದೀರಿ. ಈ ಕೊನೆಯದು ಬಹಳ ಜನರಲ್ಲಿ ಇದೆ, ಎದುರಾಳಿಗಳಿಗೂ ಗೊತ್ತಾಗುತ್ತದೆ.

ಟ್ರ್ಯಾಕರ್ ಇಲ್ಲದಿದ್ದರೂ ಪರವಾಗಿಲ್ಲ. ಟೈಮ್ ಬ್ಯಾಂಕ್ (ಯೋಚಿಸಲು ಸಿಗುವ ಹೆಚ್ಚುವರಿ ಸಮಯ) ಗಂಟೆಗೆ ಎರಡು ಮೂರು ಸಲ ಓಡಿದರೆ, ಒಂದು ಸಲವಾದರೂ ತಪ್ಪು ಟೇಬಲ್‌ನಲ್ಲಿ ತಪ್ಪು ಬಟನ್ ಒತ್ತಿದರೆ, ಟೇಬಲ್ ಜಾಸ್ತಿಯಾಗಿದೆ. ಕೆಲವು ಸೈಟ್‌ಗಳಲ್ಲಿ ಹಡ್ (ಎದುರಾಳಿಗಳ ಅಂಕಿಗಳನ್ನು ಟೇಬಲ್ ಮೇಲೆಯೇ ತೋರಿಸುವ ತಂತ್ರಾಂಶ) ಮತ್ತು ಟ್ರ್ಯಾಕರ್ ಬಳಕೆಗೆ ಅನುಮತಿಯೇ ಇಲ್ಲ, ನಿಯಮ ಓದಿಕೊಂಡೇ ಬಳಸಿ.

ಹಂತ 6: ಸ್ಕ್ರೀನ್ ಜೋಡಣೆ

ಇದಕ್ಕೆ ಹೆಚ್ಚು ಹೊತ್ತು ಬೇಡ. ಕಲಿಯುವವರು ಟೇಬಲ್‌ಗಳನ್ನು ಪಕ್ಕಪಕ್ಕ ಹರಡಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಪೇರಿಸಿದರೆ ನಿಮ್ಮ ಸರದಿ ಬಂದ ಟೇಬಲ್ ಮಾತ್ರ ಮೇಲೆ ಜಿಗಿಯುತ್ತದೆ, ನೀವಿಲ್ಲದ ಪಾಟ್‌ಗಳಲ್ಲಿ ನಡೆಯುವುದೇನೂ ಕಾಣುವುದಿಲ್ಲ. ಬೆಟ್ ಅಳತೆಗಳಿಗೆ ಹಾಟ್‌ಕೀ ಇಟ್ಟುಕೊಳ್ಳಿ, ಅಂಕಿ ಟೈಪ್ ಮಾಡುವ ಸಮಯ ಯೋಚನೆಗೆ ಉಳಿಯುತ್ತದೆ. ಆದರೆ ಒಂದೇ ಅಳತೆಯ ಹಾಟ್‌ಕೀ ಬೇಡ, ಎಲ್ಲ ಬೋರ್ಡ್‌ನಲ್ಲೂ ಅದನ್ನೇ ಒತ್ತುವ ಚಟ ಹತ್ತುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ. ಫೋನ್ ಕೂಡ ಒಂದು ಟೇಬಲ್ಲೇ, ಲೆಕ್ಕಕ್ಕೆ ಸೇರಿಸಿ.

ಹಂತ 7: ಆಡುವ ಸೆಷನ್ ಬೇರೆ, ಕಲಿಯುವ ಸೆಷನ್ ಬೇರೆ

ವಾರಕ್ಕೆ ಹತ್ತು ಗಂಟೆ ಇದೆ ಎಂದುಕೊಳ್ಳಿ. ನನ್ನ ಹಂಚಿಕೆ ಹೀಗಿದೆ: ಐದು ಗಂಟೆ ಮೂರ್ನಾಲ್ಕು ಟೇಬಲ್, ಎರಡು ಗಂಟೆ ಒಂದೇ ಟೇಬಲ್, ಮೂರು ಗಂಟೆ ಆಟವೇ ಇಲ್ಲ, ಬರೀ ಓದು ಮತ್ತು ಹ್ಯಾಂಡ್ ಬಿಡಿಸುವುದು. ಈಗಷ್ಟೇ ಶುರು ಮಾಡಿದವರು ಮೊದಲನೆಯದನ್ನು ಇನ್ನೂ ಕಡಿಮೆ ಮಾಡಿ.

ಜಾಸ್ತಿ ಟೇಬಲ್ ಆಡುವಾಗ ಕಲಿಯಲು ಹೋಗಬೇಡಿ. ಅನುಮಾನ ಬಂದ ಹ್ಯಾಂಡ್‌ಗೆ ಗುರುತು ಹಾಕಿ ಮುಂದೆ ಹೋಗಿ, ಅಷ್ಟು ಸಾಕು. ಗೆದ್ದ ಹ್ಯಾಂಡ್‌ಗೂ ಗುರುತು ಹಾಕುವುದನ್ನು ರೂಢಿ ಮಾಡಿಕೊಳ್ಳಿ. ಸೋತ ದೊಡ್ಡ ಪಾಟ್‌ಗಳಿಗೆ ಮಾತ್ರ ಗುರುತು ಹಾಕಿದರೆ, ಏಸ್ ಜೋಡಿ ಸೆಟ್‌ಗೆ ಸೋತದ್ದನ್ನೇ ಹತ್ತು ಸಲ ನೋಡುತ್ತಾ ಕೂರುತ್ತೀರಿ. ಅದರಲ್ಲಿ ಕಲಿಯುವುದೇನೂ ಇಲ್ಲ, ಸಂಕಟ ಮಾತ್ರ.

ಬಿಡಿಸಲು ಕೂತಾಗ ಸಾಲ್ವರ್ (ಸರಿಯಾದ ಆಟವನ್ನು ಲೆಕ್ಕ ಹಾಕಿ ಕೊಡುವ ತಂತ್ರಾಂಶ) ತೆರೆಯುವ ಮೊದಲು ನಿಮ್ಮ ಉತ್ತರವನ್ನು ಕಾಗದದ ಮೇಲೆ ಬರೆಯಿರಿ. ಎದುರಾಳಿಯ ರೇಂಜ್ (ಅವನ ಬಳಿ ಇರಬಹುದಾದ ಕಾರ್ಡ್‌ಗಳು) ಇದು, ನಾನು ಇದನ್ನು ಮಾಡುತ್ತೇನೆ, ಕಾರಣ ಇದು. ಆಮೇಲೆ ಉತ್ತರ ನೋಡಿ. ಮೊದಲೇ ಉತ್ತರ ನೋಡಿದರೆ ‘ಹೌದಲ್ಲ, ನನಗೂ ಹಾಗೇ ಅನ್ನಿಸಿತ್ತು’ ಎಂದು ಮನಸ್ಸು ಸಲೀಸಾಗಿ ಸುಳ್ಳು ಹೇಳುತ್ತದೆ. ನನ್ನದಂತೂ ಹೇಳುತ್ತಿತ್ತು. ಸಾಲ್ವರ್ ಆಟದ ನಡುವೆ ತೆರೆಯುವಂತಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ, ಅದು ಮೋಸ. ಸೈಟ್‌ಗಳು ಖಾತೆ ಮುಚ್ಚುತ್ತವೆ.

ಒಂದು ಟೇಬಲ್ ಸೆಷನ್‌ಗೆ ಒಂದೇ ವಿಷಯ ಇಟ್ಟುಕೊಳ್ಳಿ. ಈ ವಾರ ಬಿಗ್ ಬ್ಲೈಂಡ್ ಕಾಪಾಡುವುದು, ಮುಂದಿನ ವಾರ ರಿವರ್‌ನಲ್ಲಿ ತೆಳು ವ್ಯಾಲ್ಯೂ ಬೆಟ್ (ಸ್ವಲ್ಪವೇ ಮುಂದಿದ್ದಾಗಲೂ ಕಾಲ್ ಸಿಗಲೆಂದು ಮಾಡುವ ಬೆಟ್). ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಯಾವುದೂ ಅಂಟುವುದಿಲ್ಲ.

ಟೂರ್ನಮೆಂಟ್ ಮತ್ತು ಫಾಸ್ಟ್-ಫೋಲ್ಡ್ ಆಡುವವರಿಗೆ

ಟೂರ್ನಮೆಂಟ್‌ನಲ್ಲಿ ಇದೇ ಸಂಖ್ಯೆ ನಡೆಯುವುದಿಲ್ಲ. ಒಂದು ಟೇಬಲ್‌ನಲ್ಲಿ ನಿಮ್ಮ ಬಳಿ 80 ಬಿಗ್ ಬ್ಲೈಂಡ್, ಪಕ್ಕದ್ದರಲ್ಲಿ 12, ಮೂರನೆಯದರಲ್ಲಿ ಬಹುಮಾನದ ಗೆರೆ ಹತ್ತಿರ ಬಂದಿದೆ. ಪ್ರತಿ ಸಲ ಟೇಬಲ್ ಬದಲಿಸಿದಾಗಲೂ ಲೆಕ್ಕ ಮೊದಲಿಂದ. ಕ್ಯಾಶ್‌ನಲ್ಲಿ ನಾಲ್ಕು ನಿಭಾಯಿಸುವವರು ಇಲ್ಲಿ ಎರಡರಿಂದ ಶುರು ಮಾಡಿ. ಫೈನಲ್ ಟೇಬಲ್‌ಗೆ ಬಂದರೆ ಬೇರೆ ಯಾವುದಕ್ಕೂ ಹೊಸದಾಗಿ ಸೇರಬೇಡಿ.

ಫಾಸ್ಟ್-ಫೋಲ್ಡ್ 2010ರಲ್ಲಿ ಫುಲ್ ಟಿಲ್ಟ್ ಸೈಟ್‌ನ ರಶ್ ಪೋಕರ್ ಆಗಿ ಬಂತು, 2012ರಲ್ಲಿ ಪೋಕರ್‌ಸ್ಟಾರ್ಸ್‌ನ ಝೂಮ್. ಫೋಲ್ಡ್ ಮಾಡಿದ ಕೂಡಲೇ ಹೊಸ ಟೇಬಲ್, ಹೊಸ ಎದುರಾಳಿಗಳು. ಒಂದೇ ಕಿಟಕಿಯಲ್ಲಿ ಗಂಟೆಗೆ 200ಕ್ಕೂ ಹೆಚ್ಚು ಹ್ಯಾಂಡ್ ಬರುವುದರಿಂದ ಅದನ್ನು ಮೂರು ಟೇಬಲ್ ಎಂದೇ ಎಣಿಸಿ. ಪ್ರಿಫ್ಲಾಪ್ ರೂಢಿಗೆ ತುಂಬಾ ಒಳ್ಳೆಯದು. ಎದುರಾಳಿಯನ್ನು ಓದುವುದನ್ನು ಕಲಿಯಬೇಕೆಂದರೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಹಂತ 2ರಲ್ಲಿ ಹೇಳಿದ ಪುಕ್ಕಟೆ ಪಾಠ ಅಲ್ಲಿ ಇರುವುದೇ ಇಲ್ಲ.

ಹಣ ಮತ್ತು ಆಯಾಸದ ಬಗ್ಗೆ

ಟೇಬಲ್ ನಾಲ್ಕು ಪಟ್ಟಾದರೆ ಒಂದು ಕೆಟ್ಟ ಸಂಜೆಯಲ್ಲಿ ಕಳೆಯುವ ಮೊತ್ತವೂ ಅದೇ ಅಳತೆಯಲ್ಲಿ ಬೆಳೆಯುತ್ತದೆ. ನಾಲ್ಕು ಟೇಬಲ್‌ನಲ್ಲಿ ಒಟ್ಟು ಎಷ್ಟು ಇಟ್ಟಿದ್ದೀರಿ ಎಂದು ಕೂರುವ ಮೊದಲೇ ಕೂಡಿಸಿ ನೋಡಿ. ಅದು ಹೋದರೂ ಮನೆ ಖರ್ಚಿಗೆ ತೊಂದರೆಯಾಗಬಾರದು. ಸೋತದ್ದನ್ನು ಬೇಗ ವಾಪಸ್ ತರಲು ಟೇಬಲ್ ಏರಿಸುತ್ತಿದ್ದೀರಿ ಎಂದು ಅನುಮಾನ ಬಂದರೂ ಸಾಕು, ಆ ದಿನದ ಆಟ ಅಲ್ಲಿಗೆ ನಿಲ್ಲಿಸಿ. ಮೇಲಿಂದ ಮೇಲೆ ಹಾಗಾಗುತ್ತಿದ್ದರೆ ಅದು ಪೋಕರ್ ಕಲಿಕೆಯ ಸಮಸ್ಯೆ ಅಲ್ಲ, ನಂಬುವವರ ಜೊತೆ ಮಾತಾಡಿ, ಸೈಟ್‌ನ ಸ್ವಯಂ ನಿಷೇಧ ಸೌಲಭ್ಯ ಬಳಸಿ. ಹಣವಿಟ್ಟು ಆಡುವುದು ಎಲ್ಲ ಕಡೆ ಕಾನೂನು ಒಪ್ಪುವ ವಿಷಯವಲ್ಲ, ಅದನ್ನೂ ಮೊದಲು ತಿಳಿದುಕೊಳ್ಳಿ. ಇಲ್ಲಿ ಬರೆದ ಅಭ್ಯಾಸವನ್ನೆಲ್ಲ ಬರೀ ಪ್ಲೇ ಚಿಪ್ಸ್ ಇಟ್ಟುಕೊಂಡೂ ಮಾಡಬಹುದು, ಎದುರಾಳಿಗಳು ಸ್ವಲ್ಪ ಜಾಸ್ತಿ ಕಾಲ್ ಮಾಡುತ್ತಾರೆ ಅಷ್ಟೇ.

ಸೆಷನ್ ಒಂದೂವರೆ ಗಂಟೆಗಿಂತ ಉದ್ದ ಬೇಡ. ಆಯಾಸವಾದಾಗ ಟೇಬಲ್‌ಗಳನ್ನೆಲ್ಲ ಒಂದೇ ಸಲ ಮುಚ್ಚಲು ಮನಸ್ಸಾಗದಿದ್ದರೆ, ಬಿಗ್ ಬ್ಲೈಂಡ್ ಬರುವ ಮುಂಚೆ ಒಂದೊಂದಾಗಿ ಎದ್ದು ಬನ್ನಿ.

ಕೊನೆಯದಾಗಿ, ಲಿಮಿಟ್ (ಆಡುವ ಬ್ಲೈಂಡ್‌ಗಳ ಮೊತ್ತ) ಏರಿಸಿದ ದಿನ ಟೇಬಲ್ ಇಳಿಸಿ. ಮೇಲಿನ ಲಿಮಿಟ್‌ನ ಆಟಗಾರರು ಹೊಸಬರು, ನಿಮ್ಮ ನೋಟ್‌ಗಳು ಅಲ್ಲಿ ಖಾಲಿ. ನಾಲ್ಕು ಆಡುತ್ತಿದ್ದರೆ ಎರಡಕ್ಕೆ ಬನ್ನಿ, ನೋಟ್ ತುಂಬುತ್ತಾ ಹೋದಂತೆ ಮತ್ತೆ ಮೂರು, ನಾಲ್ಕು. ನಾನು ಹಿಂದಿನ ಸಲ ಏರಿಸಿದಾಗ ಮೊದಲ ಮೂರು ವಾರ ಎರಡರಲ್ಲೇ ಇದ್ದೆ. ಹತ್ತರ ಪರೀಕ್ಷೆಯಲ್ಲಿ ಮೊದಲ ವಾರ ಐದು ಬಂತು, ಎರಡನೇ ವಾರ ಆರು. ಮೂರನೇ ವಾರ ಎಂಟು ಬಂದ ಮೇಲೆಯೇ ಮೂರನೇ ಟೇಬಲ್ ತೆರೆದದ್ದು.